ಬಾಯ್ಬಿಟ್ಟ ಪ್ರಾರ್ಥನೆ

ಚರ್ಚ್ ಸಭೆಯ ಹಿರಿಯರು ತಮ್ಮ ಮಗಳ ತಟ್ಟೆಯನ್ನು ಊಟದ ಮೇಜಿನಿಂದ ಎತ್ತಿಕೊಂಡರು. ಬಡಿಸಿದ್ದು ಇನ್ನೂ ಬಿಸಿಯಾಗಿತ್ತು. ಎರಡು ಕೈಯಲ್ಲೂ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಜೋಪಾನವಾಗಿ ನಡೆದು, ಕಿಟಕಿ ಪಕ್ಕದ ಇಸ್ತ್ರಿ ಮೇಜಿನ ಮೇಲೆ ಇಟ್ಟರು.

"ಇನ್ಮೇಲೆ ನಿನ್ನ ಊಟ ಇಲ್ಲಿ," ಎಂದರು. "ಸಭೆಯ ಶಿಸ್ತಿಗೆ ಒಳಗಾದವರ ಜೊತೆ ಒಂದೇ ಮೇಜಲ್ಲಿ ಉಣ್ಣೋ ಹಾಗಿಲ್ಲ. ನನ್ನ ಮಗಳು ಅಂತ ಬೇರೆ ನಿಯಮ ಮಾಡೋಕಾಗಲ್ಲ."

ಮೇಜಿನ ಸುತ್ತ ಕುಳಿತವರೆಲ್ಲ ತಮ್ಮ ತಮ್ಮ ತಟ್ಟೆಗಳನ್ನು ನೋಡಿಕೊಂಡರು. ಯಾವ ಜಗಳದಲ್ಲೂ ಯಾವ ಪಕ್ಷಕ್ಕೂ ಸೇರದ ಹಿರಿಯರ ಮಗ ಅಗಿಯುವುದನ್ನು ಮಾತ್ರ ನಿಲ್ಲಿಸಿದ. ಅವನ ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಸೊಸೆ ಬಡಿಸುವ ಚಮಚ ಹಿಡಿದು ನಿಂತೇ ಇದ್ದಳು. ತಟ್ಟೆಯನ್ನು ಎತ್ತಿದ್ದು ಮಾವನ ಕೈಯಾದರೂ ಎತ್ತಿಸಿದ್ದು ತನ್ನ ನಾಲಿಗೆ...!

ಮಗಳು ಎದ್ದಳು. ಸಣ್ಣ ಮೈ, ಚುರುಕು ಕಣ್ಣು. ಹುಟ್ಟಿದಾಗಿನಿಂದ ಎಲ್ಲರಿಗೂ ಅವಳು ಗುಬ್ಬಿ. ಗಂಡನನ್ನು ಬಿಟ್ಟು ತವರಿಗೆ ಬಂದ ಮೇಲೆ ಆ ಹೆಸರಿನಲ್ಲಿದ್ದ ಮುದ್ದು ಹೋಗಿ ಬರೀ ತಾತ್ಸಾರ ಉಳಿದಿತ್ತು. ಇಸ್ತ್ರಿ ಮೇಜಿನ ಬಳಿ ಹೋಗಿ ನಿಂತುಕೊಂಡೇ ಒಂದು ತುತ್ತು ತಿಂದಳು.

"ಪರವಾಗಿಲ್ಲಪ್ಪಾ, ಜಾಗ ಚೆನ್ನಾಗೇ ಇದೆ. ನನ್ನಲ್ಲಿ ಸುಕ್ಕು ಜಾಸ್ತಿ ಅಲ್ವಾ," ಎಂದಳು.

ಯಾರೂ ನಗಲಿಲ್ಲ. ಹಿರಿಯರು ತಮ್ಮ ಕುರ್ಚಿಗೆ ಮರಳಿ, ಕಣ್ಣು ಮುಚ್ಚಿ, ಆಗಲೇ ಆಗಿದ್ದ ಊಟದ ಪ್ರಾರ್ಥನೆಯನ್ನು ಮತ್ತೊಮ್ಮೆ ಮಾಡಿದರು.

"ಬುಧವಾರ ಸಂಜೆ ಅಳಿಯಂದಿರನ್ನ ಕರ್ಕೊಂಡು ಸಭಾಪಾಲಕರೇ ಬರ್ತಾರೆ," ಎಂದರು ಆಮೇಲೆ, ಯಾರನ್ನೂ ನೋಡದೆ. "ಅವತ್ತು ನೀನು ಅವರ ಜೊತೆ ಹೊರಟರೆ ಎಲ್ಲ ಅಲ್ಲಿಗೇ ಮುಗೀತು. ಇಲ್ಲ ಅಂದ್ರೆ ಭಾನುವಾರ ಸಭೆಯಿಂದ ನಿನ್ನ ಹೆಸರು ತೆಗೀತಾರೆ. ಹಿರಿಯ ಅಂತ ವೇದಿಕೆ ಮೇಲೆ ನಿಂತು ಅದನ್ನ ಓದೋನು ನಾನೇ."

ಗುಬ್ಬಿ ಎಡಗೈಯಲ್ಲಿ ಚಮಚ ಹಿಡಿದು, ಕಿಟಕಿಯಾಚೆಯ ಬೀದಿಯನ್ನು ನೋಡುತ್ತ ಊಟ ಮುಗಿಸಿದಳು. ತಟ್ಟೆ ತೊಳೆಯಲು ಒಳಗೆ ಹೋಗುವಾಗ ಅತ್ತಿಗೆಯ ಪಕ್ಕದಲ್ಲೇ ಹಾದು ಹೋದಳು. ಬೈದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಗುಬ್ಬಿ ಗೋಡೆಯ ಪಕ್ಕ ಹಾದುಹೋದಂತೆ ಹೋದಳು.

ಆದದ್ದು ಇಷ್ಟು. ಹಿಂದಿನ ವಾರ, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ, ಗುಬ್ಬಿಗೆ ಒಂದು ಟವೆಲನ್ನೂ ಹಿಂಡಲಾಗದ್ದನ್ನು ಸೊಸೆ ಕಂಡಳು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಮಡಚುತ್ತಿರಲಿಲ್ಲ. "ಬಾಗಿಲಿಗೆ ಸಿಕ್ಕಿದ್ದು ಇನ್ನೂ ವಾಸಿಯಾಗಿಲ್ವೇನೇ?" ಎಂದು ಕೇಳಿದ್ದಷ್ಟೇ. ಗುಬ್ಬಿ ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಬಾಗಿಲಲ್ಲ... ಗಂಡ! ಸಭೆಯ ಗಾಯಕವೃಂದದ ನಾಯಕ, ಅವನು ದನಿ ಎತ್ತಿದರೆ ಮುದುಕಿಯರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥವನು ಮನೆಯಲ್ಲಿ ದನಿ ಎತ್ತುತ್ತಲೇ ಇರಲಿಲ್ಲ. ಮೆಲ್ಲಗೆ ಮಾತಾಡುತ್ತಲೇ ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸುತ್ತಿದ್ದ. "ನಾನು ವಕೀಲರನ್ನ ನೋಡಿ ಬಂದಿದ್ದೀನಿ ಅತ್ತಿಗೆ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಒಂದು ಕೋಣೆನೂ ನೋಡಿಟ್ಟಿದ್ದೀನಿ. ಸದ್ದಿಲ್ದೆ ಹೋಗ್ಬಿಡ್ತೀನಿ. ಯಾರಿಗೂ ಹೇಳ್ಬೇಡ." ಸೊಸೆ ಅವಳನ್ನು ತಬ್ಬಿಕೊಂಡು, "ನನ್ನ ಬಾಯಿಂದ ಹೊರಗೆ ಬರಲ್ಲ," ಎಂದಿದ್ದಳು.

ಹೊರಗೆ ಬಂತು. ಚಾಡಿಯ ವೇಷದಲ್ಲಿ ಬಂದಿದ್ದರೆ ಅವಳೇ ಗುರುತು ಹಿಡಿದು ತಡೆಯುತ್ತಿದ್ದಳೇನೋ. ಬಂದದ್ದು ಪ್ರಾರ್ಥನೆಯ ವೇಷದಲ್ಲಿ.

ಸಭೆಯ ಹೆಂಗಸರು ಗುರುವಾರ ಸೇರುವ ಪ್ರಾರ್ಥನಾಕೂಟದಲ್ಲಿ ಯಾರ ಹೆಸರನ್ನೂ ಹೇಳುವ ಹಾಗಿಲ್ಲ. "ಹೆಸರು ನಿನಗೆ ಗೊತ್ತು, ಕರ್ತನೇ," ಎನ್ನಬೇಕು. ಹೆಸರು ಹೇಳದಿರುವುದು ಆ ಕೂಟದ ಮರ್ಯಾದೆ. ಹೆಸರು ಕಂಡುಹಿಡಿಯುವುದು ಆ ಕೂಟದ ಆಟ. ಕರ್ತನಿಗಿಂತ ಮೊದಲೇ ಹೆಸರು ಗೊತ್ತಾಗುತ್ತಿದ್ದುದು ಆರ್ಗನ್ ನುಡಿಸುವ ಹೆಂಗಸಿಗೆ. ಎಲ್ಲರೂ ಆಕೆಯನ್ನು ಆರ್ಗನ್ ಆಂಟಿ ಎನ್ನುತ್ತಿದ್ದರು. ಆಕೆಯ ಸೊಸೆ ಬಾಯಿ ತೆರೆದರೆ ಪ್ರಾರ್ಥನೆ ನದಿಯಂತೆ ಹರಿಯುತ್ತಿತ್ತು. ಹಿರಿಯರ ಸೊಸೆಯದ್ದು ಮಾತ್ರ ಎರಡು ಸಾಲಿಗೆ ಒಣಗುತ್ತಿತ್ತು. ಮನೆಗೆ ಬಂದ ಮೇಲೆ ಅತ್ತೆಯ ಮಾತು ತಪ್ಪಿದ್ದಲ್ಲ: "ಹಿರಿಯರ ಮನೆ ಸೊಸೆ ಅಂತ ಹೆಸರು ಬೇರೆ. ಬಾಯಲ್ಲಿ ಬೆಣ್ಣೆ ಇಟ್ಕೊಂಡ ಹಾಗೆ ಕೂತ್ಕೋತಾಳೆ. ಯಾವ ಪುಣ್ಯಕ್ಕೆ ಮೊಣಕಾಲು ಸವೆಸೋದು?"

ಆ ಗುರುವಾರ ಅವಳ ಸರದಿ ಬಂದಾಗ ಎದೆಯಲ್ಲಿ ಗುಬ್ಬಿಯ ದುಃಖ ತುಂಬಿತ್ತು, ನಿಜ. "ಕರ್ತನೇ, ನನ್ನ ಪಕ್ಕದಲ್ಲೇ ಒಂದು ಆತ್ಮ ನರಳ್ತಾ ಇದೆ... ಹೆಸರು ನಿನಗೆ ಗೊತ್ತು..." ಎಂದು ಶುರುವಾದ ಮಾತು ತಾನೇ ದಾರಿ ಹುಡುಕಿಕೊಂಡಿತು. "ಮದುವೆಯ ಒಡಂಬಡಿಕೆ ಮುರಿಯೋಕೆ ವಕೀಲರ ಮನೆ ಮೆಟ್ಟಿಲು ಹತ್ತಿರೋ ಆ ಮಗಳ ಮೇಲೆ ಕರುಣೆ ಇರಲಿ..." ಎಲ್ಲ ಕಿವಿಗಳೂ ತನ್ನ ಕಡೆ ತಿರುಗಿದ್ದನ್ನು ಕಣ್ಣು ಮುಚ್ಚಿಕೊಂಡೇ ಅವಳು ಬಲ್ಲಳು. ಯಾರೋ ಬಿಕ್ಕಿದರು. ಯಾರೋ "ಆಮೆನ್" ಎಂದರು. ಅವಳ ದನಿ ಇನ್ನಷ್ಟು ನಡುಗಿತು. ಆ ನಡುಕ ಅವಳಿಗೆ ಹಿತವಾಗಿತ್ತು! ಬೆರಳಿನ ಮಾತನ್ನು ಮಾತ್ರ ಆಡಲಿಲ್ಲ. ಗಾಯಕವೃಂದದ ನಾಯಕನ ಮಾನ, ಮನೆಯ ಮಾನ ಎಂದು ಯಾವುದೋ ಒಂದು ಎಚ್ಚರ ಒಳಗಿನಿಂದ ತಡೆದಿತ್ತು. ಹೀಗೆ ಗುಬ್ಬಿಯ ತಪ್ಪು ಊರಿಗೆಲ್ಲ ತಿಳಿಯಿತು, ಗುಬ್ಬಿಯ ನೋವು ಯಾರಿಗೂ ತಿಳಿಯಲಿಲ್ಲ. ಎದ್ದು ಹೊರಡುವಾಗ ಆರ್ಗನ್ ಆಂಟಿ ಅವಳ ಕೈ ಹಿಡಿದು, "ಇವತ್ತು ನಿನ್ನ ಬಾಯಿ ತೆರೀತು ನೋಡಮ್ಮ," ಎಂದಿದ್ದರು. ದಾರಿಯುದ್ದಕ್ಕೂ ಅವಳ ಕಾಲು ನೆಲಕ್ಕೆ ತಾಗಿರಲಿಲ್ಲ...

ಸೋಮವಾರ ಮಾವ ಹೊರಗೆ ಹೋದ ಹೊತ್ತು ನೋಡಿ ಅವಳು ಕೆಳಗಿನ ಅಂಗಡಿಗೆ ಇಳಿದಳು. ಹಿರಿಯರದು ಕನ್ನಡಕದ ಅಂಗಡಿ. ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟುಗಳು, ದೊಡ್ಡದರಿಂದ ಸಣ್ಣದಕ್ಕಿಳಿಯುವ ಅಕ್ಷರಗಳ ಹಲಗೆ. ಹಿಂದಿನ ಕೋಣೆಯಲ್ಲಿ ಮಸೂರದ ಅಂಚು ಉಜ್ಜುವ ಚಕ್ರ, ಬೆಳಕಿನ ಕೆಳಗೆ ಕೆಲಸಕ್ಕೆ ಕೂರುವ ಒಂದು ಉದ್ದನೆಯ ಹಲಗೆ. ಗುಬ್ಬಿ ಅಲ್ಲಿ ಕುಳಿತು ಒಂದು ಚೌಕಟ್ಟಿನ ಕಾಲಿಗೆ ತಿರುಪು ಕೂರಿಸುತ್ತಿದ್ದಳು. ಸಾಸಿವೆಗಿಂತ ಸಣ್ಣ ತಿರುಪು. ಎಡಗೈಯಲ್ಲಿ ಹಿಡಿದ ತಿರುಪುಳಿ ಮತ್ತೆ ಮತ್ತೆ ಜಾರುತ್ತಿತ್ತು.

"ಗುಬ್ಬೀ... ಒಂದು ಮಾತು ಕೇಳಲಾ?"

"ಕೇಳು. ನಿನಗೆ ಹೇಳೋದು ತಾನೇ ಅಪಾಯ, ನೀನು ಕೇಳಿದ್ರೆ ಏನೂ ಆಗಲ್ಲ."

ಸೊಸೆಯ ಕಣ್ಣು ತುಂಬಿತು. "ನಾನು ಮಾವನ ಹತ್ರ ಹೋಗಿ ಬೆರಳಿನ ವಿಷಯ ಹೇಳ್ಬಿಡ್ತೀನಿ. ಗೊತ್ತಾದ್ರೆ ಅವರು ನಿನ್ನನ್ನ ಕಳಿಸಲ್ಲ. ಈ ಒಂದು ಸಲ..."

ತಿರುಪುಳಿ ಹಲಗೆಗೆ ಬಡಿದ ಸದ್ದಿಗೆ ಕಪಾಟಿನ ಗಾಜು ಝಲ್ಲೆಂದಿತು. "ಬೇಡ!" ಎಂದಳು ಗುಬ್ಬಿ. "ಅರ್ಧ ನೀನು ಹೇಳಿದ್ದಾಯ್ತು, ಈಗ ಇನ್ನರ್ಧನೂ ನಿನಗೇ ಬೇಕಾ? ಬೆರಳು ನಂದು ಅತ್ತಿಗೆ! ಮುರಿದಿದ್ದು ನಂದು. ಅದನ್ನೂ ಮೊಣಕಾಲೂರಿ ಹಂಚಿಬಿಡಬೇಡ."

"ಹಾಗಾದ್ರೆ ನೀನೇ ಹೇಳು. ಯಾಕೆ ಸುಮ್ನಿದ್ದೀಯ?"

ಗುಬ್ಬಿ ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ಮಸೂರಗಳಲ್ಲಿ ದೀಪ ಎರಡಾಗಿ ಹೊಳೆಯಿತು. "ಒಂದ್ಸಲ ಹೇಳಿದ್ದೆ," ಎಂದಳು ಕೊನೆಗೆ. "ಹೇಳಿದ್ದಕ್ಕೆ ಏನು ಸಿಕ್ತು ಅಂತ ನನಗೇ ಗೊತ್ತು." ಯಾರಿಗೆ ಹೇಳಿದ್ದಳೆಂದು ಅತ್ತಿಗೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂಬಾಗಿಲ ಗಂಟೆ ಅಲುಗಿತು, ಹಿರಿಯರು ಬಂದರು. ಹಲಗೆಯ ಮೇಲಿನ ತಿರುಪುಳಿಯನ್ನು ನೋಡಿದರು, ಮಗಳ ಎಡಗೈಯನ್ನು ನೋಡಿದರು, ತಮ್ಮ ಕೋಟನ್ನು ಮೊಳೆಗೆ ತೂಗುಹಾಕಿದರು.

ಬುಧವಾರ ಸಂಜೆ ಅವರು ಬಂದರು. ಪಾಲಕರು ಒಳಗೆ ಬರುತ್ತಲೇ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಗುಬ್ಬಿಯ ಗಂಡ, ಆ ಗಾಯಕ, ಬಿಳಿಯ ಅಂಗಿ ತೊಟ್ಟು, ಕೈಯಲ್ಲಿ ಹೂವು ಹಿಡಿದು, ಅತ್ತೆ ಮಾವಂದಿರಿಗೆ ತಲೆಬಾಗಿ ನಿಂತ. ಗುಬ್ಬಿ ಗೋಡೆಯ ಬದಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದಳು, ಬಲಗೈ ಮಡಿಲಿನಲ್ಲಿ, ಅದರ ಮೇಲೆ ಎಡಗೈ.

"ಮಾವಾ, ನನ್ನ ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ," ಎಂದ ಗಾಯಕ, ಆ ಇಂಪಾದ ದನಿಯಲ್ಲಿ. "ವಕೀಲರ ಹತ್ರ ಹೋಗಿದ್ದನ್ನ ಕೇಳಿ ಎದೆ ಒಡೀತು. ಆದ್ರೂ ನಾನು ಕ್ಷಮಿಸಿಬಿಟ್ಟಿದ್ದೀನಿ."

"ಕೇಳಿದೆಯೇನಮ್ಮ?" ಪಾಲಕರು ಗುಬ್ಬಿಯ ಕಡೆ ಬಾಗಿದರು. "ಊರ ಮುಂದೆ ತಲೆತಗ್ಗಿಸಿದವಳನ್ನ ಹೂವು ಹಿಡ್ಕೊಂಡು ಕರೆಯೋಕೆ ಬರೋ ಗಂಡ ಎಷ್ಟು ಜನಕ್ಕೆ ಸಿಗ್ತಾನೆ? ಹೂಂ ಅಂದುಬಿಡು. ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಮಾಡಿ ಕಳಿಸಿಕೊಡ್ತೀವಿ."

ಹಿರಿಯರು ಕಾರ್ಪೆಟ್ಟಿನ ಒಂದು ಹೂವಿನ ಮೇಲೆ ಕಣ್ಣಿಟ್ಟಿದ್ದರು.

"ಏಳು," ಎಂದ ಗಾಯಕ ಮೃದುವಾಗಿ, ಕೈ ಚಾಚಿ.

ಚಹಾದ ತಟ್ಟೆ ಹಿಡಿದು ಬಂದಿದ್ದ ಸೊಸೆ ಅದನ್ನು ಕೆಳಗಿಡುವುದನ್ನೇ ಮರೆತು ಅವರಿಬ್ಬರ ನಡುವೆ ಬಂದು ನಿಂತುಬಿಟ್ಟಳು. "ಅವಳು ಹೋಗೋ ಮುಂಚೆ ನಾನೊಂದು ಹೇಳ್ಬೇಕು," ಎಂದಳು. "ಗುರುವಾರ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ. ಚಾಡಿ."

"ಏನೇ ಇದು!" ಅತ್ತೆ ಗದರಿದರು. "ದೊಡ್ಡವರ ಮಧ್ಯೆ..."

"ಇರಲಿ ಬಿಡಿ," ಎಂದರು ಪಾಲಕರು ದೊಡ್ಡ ಮನಸ್ಸು ಮಾಡಿ. "ನಿನ್ನ ಉದ್ದೇಶ ಒಳ್ಳೇದೇ ಇತ್ತಮ್ಮ."

"ಇರಲಿಲ್ಲ, ಪಾಲಕರೇ! ಎಲ್ಲರೂ ನನ್ನನ್ನ ಕೇಳ್ಲಿ ಅಂತಿತ್ತು. ಅತ್ತೆ ಮೆಚ್ಚಿಕೊಳ್ಳಲಿ ಅಂತಿತ್ತು. ಅವಳ ಕಣ್ಣೀರು ತಗೊಂಡು ಹೋಗಿ ನನ್ನ ಬಾಯಿಗೆ ಅಲಂಕಾರ ಮಾಡ್ಕೊಂಡೆ. ನನ್ನ ಅರ್ಧ ಮಾತಿನ ಮೇಲೆ ನೀವು ತೀರ್ಪು ಕೊಟ್ಟಿದ್ದೀರಿ. ಶಿಸ್ತು ನನ್ನ ಮೇಲೆ ಬರಲಿ."

ಪಾಲಕರ ಮುಖದ ನಗು ಇಳಿಯಿತು. "ಅರ್ಧ? ಹಾಗಾದ್ರೆ ಇನ್ನರ್ಧ ಏನು?"

ಗಾಯಕನ ಕೈಯಲ್ಲಿದ್ದ ಹೂವು ಅಲುಗಲಿಲ್ಲ, ಆದರೆ ಅವನ ಕಣ್ಣು ಸೊಸೆಯ ತುಟಿಗೆ ಅಂಟಿತು. ಎಷ್ಟು ಸುಲಭವಾಗಿತ್ತು! ಎರಡು ಮಾತು ಸಾಕು... ಬೆರಳು, ಗಂಡ. ಆಡಿಬಿಟ್ಟರೆ ಗುಬ್ಬಿ ಉಳಿಯಬಹುದು, ತಾನೂ ಒಳ್ಳೆಯವಳಾಗಬಹುದು. ಎರಡನೆಯದೇ ಅವಳಿಗೆ ಭಯ ಹುಟ್ಟಿಸಿತು. ಸೊಸೆ ನಾದಿನಿಯ ಕಡೆ ತಿರುಗಿದಳು. ಗುಬ್ಬಿ ತಲೆ ಎತ್ತಿರಲಿಲ್ಲ.

"ಅದು ನನ್ನದಲ್ಲ," ಎಂದಳು ಸೊಸೆ. "ನನ್ನದಲ್ಲದ್ದನ್ನ ನಾನು ಹೇಳಲ್ಲ."

"ಸಭೆಯಿಂದ ಮುಚ್ಚಿಡೋದು ಪಾಪ!" ಪಾಲಕರ ದನಿ ಏರಿತು. "ಭಾನುವಾರ ನಿನ್ನ ಹೆಸರೂ ಸೇರುತ್ತೆ, ಗೊತ್ತಾ?"

"ಸೇರಲಿ."

"ಬಾಯಿ ಬಿಡೇ!" ಎಂದು ಅತ್ತೆ ಅವಳ ರಟ್ಟೆ ಹಿಡಿದು ಅಲ್ಲಾಡಿಸಿದರು. ಚಹಾ ಚೆಲ್ಲಿ ಕೈ ಸುಟ್ಟಿತು. "ಮನೆ ಮರ್ಯಾದೆ ಹೋಗ್ತಾ ಇದೆ, ಬಾಯಿ ಬಿಡು! ಬೇಡ ಅಂದಾಗ ಬಿಡ್ತೀಯ, ಬಿಡು ಅಂದಾಗ ಹೊಲ್ಕೊಂಡು ಕೂರ್ತೀಯ!"

ಅವಳು ಬಿಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಯಾವತ್ತೂ ಯಾವ ಪಕ್ಷಕ್ಕೂ ಸೇರದ ಅವಳ ಗಂಡ ಎದ್ದು ಬಂದು, ಅವಳ ಕೈಯಿಂದ ಚಹಾದ ತಟ್ಟೆ ತೆಗೆದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಪಕ್ಕದಲ್ಲಿ ನಿಂತ.

"ಸಾಕು ಅತ್ತಿಗೆ."

ಗುಬ್ಬಿ ಎದ್ದಿದ್ದಳು. ಮಡಿಲಲ್ಲಿ ಅಡಗಿಸಿಕೊಂಡಿದ್ದ ಬಲಗೈಯನ್ನು ಮುಂದೆ ಚಾಚಿ ಟೀಪಾಯಿಯ ಮೇಲೆ ಇಟ್ಟಳು. ಎರಡು ಬೆರಳು ಒಂದು ಕಡೆಗೆ ವಾಲಿದ್ದವು, ಗಾಳಿಗೆ ಬಾಗಿದ ಕಡ್ಡಿಗಳಂತೆ.

"ಪಾಲಕರೇ, ಹೋದ ವರ್ಷ ಒಂದು ಬೆರಳು ಮುರಿದಾಗ ನಿಮ್ಮ ಕೋಣೆಗೆ ಬಂದು ಹೇಳಿದ್ದೆ. ಇವರು ಮುರಿದಿದ್ದು ಅಂತ. ಸಹಿಸ್ಕೋ ಅಂದ್ರಿ. ಯಾರಿಗೂ ಹೇಳಲ್ಲ ಅಂತಾನೂ ಅಂದ್ರಿ. ಅವತ್ತು ಸಂಜೇನೇ ಇವರನ್ನ ಕರೆಸಿ ಬುದ್ಧಿ ಹೇಳಿದ್ರಿ, ಅಲ್ವಾ? ಮನೆಗೆ ಬಂದವರೇ, ಬಾಗಿಲು ಹಾಕಿ, 'ಪಾಲಕರ ಹತ್ರ ಏನು ಹೇಳಿದೆ, ತೋರಿಸು' ಅಂದ್ರು. ಇದು... ಈ ಎರಡನೇ ಬೆರಳು... ನಿಮ್ಮ ಬುದ್ಧಿಮಾತಿಂದು."

ಪಾಲಕರು ಕರವಸ್ತ್ರ ತೆಗೆದರು. ಹಣೆ ಒರೆಸಲಿಲ್ಲ, ಕೈಯಲ್ಲಿ ಹಿಂಡುತ್ತ ಕುಳಿತರು. "ನಾನು... ಇಬ್ಬರೂ ಒಂದಾಗಲಿ ಅಂತ..."

"ಬಾಗಿಲು ಮಾವಾ," ಎಂದ ಗಾಯಕ, ಅವಸರವಿಲ್ಲದೆ. "ಬಾಗಿಲ ಸಂದಿಗೆ ಸಿಕ್ಕಿದ್ದು. ಇವಳು ಆವಾಗ್ಲೇ ನಿಮಗೂ ಹೇಳಿದ್ದಾಳೆ. ಕೇಳಿ ಬೇಕಾದ್ರೆ."

ಹಿರಿಯರು ಎದ್ದರು. ಮಗಳ ಬಳಿ ಬಂದು, ಅಂಗಡಿಯಲ್ಲಿ ಒಡೆದ ಮಸೂರ ನೋಡುವಂತೆ ಬಾಗಿ, ಆ ಬೆರಳುಗಳನ್ನು ನೋಡಿದರು. ಮುಟ್ಟಲು ಹೋದ ಕೈ ಅರ್ಧದಲ್ಲೇ ನಿಂತಿತು. "ಬಾಗಿಲು ಒಂದೇ ಕೈಯನ್ನ ಹುಡುಕ್ಕೊಂಡು ಎರಡು ಸಲ ಬರಲ್ಲ," ಎಂದರು. ಅವರ ದನಿ ಯಾರಿಗೂ ಪರಿಚಯವಿರದ ದನಿಯಾಗಿತ್ತು. "ನನಗೆ ಗೊತ್ತಿತ್ತು. ತಿರುಪುಳಿ ಎಡಗೈಗೆ ಹೋದ ದಿನವೇ ಗೊತ್ತಾಯ್ತು. ಕೇಳಿದ್ರೆ ನೀನು ಹೇಳಿಬಿಡ್ತೀಯ, ಹೇಳಿದ್ರೆ ನಾನು ಏನಾದ್ರೂ ಮಾಡ್ಬೇಕಾಗುತ್ತೆ... ಸಭೆಗೋ, ನಿನಗೋ, ಒಂದಕ್ಕೆ ಬೆನ್ನು ತೋರಿಸ್ಬೇಕಾಗುತ್ತೆ. ಅದಕ್ಕೇ ಕೇಳ್ಲಿಲ್ಲ."

"ನೀನು ನೋಡಿದ್ದು ನನಗೂ ಗೊತ್ತಿತ್ತಪ್ಪಾ," ಎಂದಳು ಗುಬ್ಬಿ. "ದಿನಾ ಆ ಹಲಗೆ ಮುಂದೆ ಕೂತು, ಇವತ್ತು ಕೇಳ್ತೀಯ, ಇವತ್ತು ಕೇಳ್ತೀಯ ಅಂತ ಕಾಯ್ತಿದ್ದೆ..."

ಹಿರಿಯರು ಟೀಪಾಯಿಯ ಪಕ್ಕ ಮೊಣಕಾಲ ಮೇಲೆ ಕುಸಿದು, ಮಗಳ ಮುರಿದ ಕೈಗೆ ಹಣೆ ಒತ್ತಿ, ಗದ್ಗದಿಸಿ ಅತ್ತರು. ಆ ಮನೆಯಲ್ಲಿ ಅವರು ಮೊಣಕಾಲೂರಿದ್ದನ್ನು ಎಲ್ಲರೂ ಸಾವಿರ ಸಲ ಕಂಡಿದ್ದರು. ಮಾತಿಲ್ಲದೆ ಊರಿದ್ದನ್ನು ಕಂಡಿರಲಿಲ್ಲ.

ಗಾಯಕ ಒಂದು ಹೆಜ್ಜೆ ಮುಂದಿಟ್ಟ. ಅವನಿಗೆ ಅಡ್ಡವಾಗಿ ಬಂದವರು ಅತ್ತೆ. ಇಷ್ಟು ವರ್ಷ ಅಳಿಯನ ಹಾಡನ್ನು ಕೊಂಡಾಡಿದ ಹೆಂಗಸು ಅವನ ಕೈಯಿಂದ ಹೂವು ಕಿತ್ತುಕೊಂಡು ಅವನ ಎದೆಗೇ ಎಸೆದರು. "ಹೋಗು! ಇನ್ನು ನೀನು ಹಾಡಿದ್ರೆ ನನ್ನ ಕಿವಿಗೆ ಮೂಳೆ ಲಟಕ್ ಅನ್ನೋದೇ ಕೇಳ್ಸೋದು. ಹೋಗೋ!"

ಭಾನುವಾರ ಹಿರಿಯರು ವೇದಿಕೆ ಹತ್ತಿದರು. ಪಾಲಕರು ಎದ್ದು ಅಡ್ಡ ಬಂದರೂ ಕೇಳಲಿಲ್ಲ. ಓದಿದ್ದು ತಮ್ಮ ಹೆಸರನ್ನು. ಕಂಡೂ ಕಾಣದಂತಿದ್ದವನು ಹಿರಿಯನಾಗಿರಲು ತಕ್ಕವನಲ್ಲ ಎಂದು ಹೇಳಿ, ಕಂಡದ್ದೇನೆಂಬುದನ್ನು ಗುಬ್ಬಿ ಒಪ್ಪಿದಷ್ಟು ಮಾತ್ರ ಹೇಳಿ, ಕೆಳಗಿಳಿದು ಕೊನೆಯ ಬೆಂಚಿನಲ್ಲಿ ಕುಳಿತರು. ಕೆಲವರು ಎದ್ದು ಬಂದು ಅವರ ಪಕ್ಕ ಕೂತರು. ಹೆಚ್ಚಿನವರು ಬರಲಿಲ್ಲ. ಗಾಯಕವೃಂದದ ಹಾಡು ಆ ದಿನವೂ ನಡೆಯಿತು. ನಾಯಕನ ಜಾಗದಲ್ಲಿ ಬೇರೊಬ್ಬನಿದ್ದ, ಶ್ರುತಿ ಅಷ್ಟಾಗಿ ಸೇರಲಿಲ್ಲ. ಬಾಗಿಲ ಬಳಿ ಆರ್ಗನ್ ಆಂಟಿ ಸೊಸೆಯನ್ನು ಕಂಡು ಮುಖ ತಿರುಗಿಸಿಕೊಂಡರು. ಮರುವಾರದಿಂದ ಸೊಸೆ ಗುರುವಾರದ ಕೂಟಕ್ಕೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಅತ್ತೆ ಒಂದು ಮಾತೂ ಆಡಲಿಲ್ಲ.

ಗುಬ್ಬಿ ಹೊರಟ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದವಳು ಅತ್ತಿಗೆಯೊಬ್ಬಳೇ. ತಂದೆ ಅಂಗಡಿಯ ಬಾಗಿಲಲ್ಲೇ ನಿಂತು ಬೀಳ್ಕೊಟ್ಟಿದ್ದರು. ನಿಲ್ದಾಣದವರೆಗೆ ಬರಲಾ ಎಂದು ಕೇಳಿದಾಗ ಗುಬ್ಬಿ, "ಇನ್ನೊಂದು ಸಲ ಬಾರಪ್ಪ," ಎಂದಿದ್ದಳು. ಇನ್ನೊಂದು ಸಲ ಎಂಬುದು ಇದೆಯಲ್ಲ ಎಂದು ಅವರು ಅದನ್ನೇ ಹಿಡಿದುಕೊಂಡು ಒಳಗೆ ಹೋದರು.

ಡೀಸೆಲ್ ವಾಸನೆ, ಸಾಮಾನು ಎತ್ತುವವರ ಕೂಗು. ಅತ್ತಿಗೆ ಪೆಟ್ಟಿಗೆಯನ್ನು ಮೇಲಿಟ್ಟು, ಕಿಟಕಿಯ ಕೆಳಗೆ ಬಂದು ನಿಂತಳು. ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಪ್ರಾರ್ಥನೆಯ ಹಾಗೆಯೇ ಕೇಳೀತೆಂಬ ಭಯಕ್ಕೆ ನುಂಗಿಕೊಂಡಳು. ಕೊನೆಗೆ, "ಕ್ಷಮಿಸ್ತೀಯಾ?" ಎಂದು ಮಾತ್ರ ಕೇಳಿದಳು.

"ನಮ್ಮ ಮನೆಯಲ್ಲಿ ಆ ಮಾತು ತುಂಬ ಬಳಸಿಬಿಟ್ಟಿದ್ದಾರೆ ಅತ್ತಿಗೆ. ನನ್ನ ಬಾಯಿಗೆ ಇನ್ನೂ ಬರ್ತಿಲ್ಲ."

ಎಂಜಿನ್ ಶುರುವಾಯಿತು. ಸೊಸೆ ತಲೆಯಾಡಿಸಿ ಹಿಂದೆ ಸರಿದಳು. ಆಗ ಗುಬ್ಬಿ ಕಿಟಕಿಯಿಂದ ಬಾಗಿ, ಬಾ ಎಂದು ಸನ್ನೆ ಮಾಡಿ, ಅವಳ ಕಿವಿಗೆ ಬಾಯಿಟ್ಟು ಏನೋ ಒಂದು ಹೇಳಿದಳು. ಹೇಳಿ, ಅವಳ ಮುಖವನ್ನು ಒಂದು ಕ್ಷಣ ಪರೀಕ್ಷಿಸುವಂತೆ ನೋಡಿ, ಕೂತುಕೊಂಡಳು. ಬಸ್ಸು ಹೊರಟಿತು.

"ಹೊರಡುವಾಗ ಏನೆಂದಳು?" ಎಂದು ಮನೆಯಲ್ಲಿ ಅತ್ತೆ ಕೇಳಿದರು. "ಏನಾದ್ರೂ ಹೇಳಿದ್ಲಾ?" ಎಂದು ಗಂಡ ಕೇಳಿದ. ಕೆಳಗಿನ ಅಂಗಡಿಯಲ್ಲಿ ಮಾವ ಚಕ್ರ ನಿಲ್ಲಿಸಿ, ಕೇಳಲೂ ಆಗದೆ, ಅವಳನ್ನೇ ನೋಡಿದರು. ಆದರೂ ಅವಳು ಹೇಳಲಿಲ್ಲ. ಮೊಣಕಾಲೂರಿದಾಗಲೂ ಅದನ್ನು ಎತ್ತಲಿಲ್ಲ. ಅದು ಕರ್ತನಿಗೆ ತಿಳಿದೇ ಇತ್ತು. ಆ ಮಾತು ಎದೆಯೊಳಗೆ ಬೆಚ್ಚಗಿತ್ತು, ಭಾರವಾಗಿತ್ತು... ಅವಳ ಕೈಗೆ ಯಾರೋ ಮತ್ತೆ ಒಂದು ಜೀವವನ್ನು ನಂಬಿ ಕೊಟ್ಟುಹೋದಂತೆ ಇತ್ತು.